ಯಾರು ಬೆರೆಸುತ್ತಾರೆ?

ಐದನೆಯ ತರಗತಿಯಲ್ಲಿದ್ದಾಗ ‘ನನ್ನ ತಾಯಿ’ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆದು ತರಲು ಹೇಳಿದ್ದರು. ನಾನು ಬರೆದ ಮೊದಲ ವಾಕ್ಯ ‘ಆಯಿ ತೋಟದಿಂದ ಬಂತು’ ಎಂದಿತ್ತು. ಶಿರಸಿ ಸೀಮೆಯ ಹವ್ಯಕರ ಮನೆಮಾತಿನಲ್ಲಿ ಹೆಂಗಸರ ಬಗ್ಗೆ ಹೇಳುವಾಗ ‘ಅವಳು ಬಂದಳು’ ಎನ್ನುವ ರೂಢಿಯಿಲ್ಲ, ‘ಅದು ಬಂತು’ ಎನ್ನುತ್ತೇವೆ. ತಾಯಿ, ಅಜ್ಜಿ, ಅಕ್ಕ, ತೊಟ್ಟಿಲಲ್ಲಿರುವ ತಂಗಿ ಎಲ್ಲರೂ ನಮ್ಮ ಬಾಯಲ್ಲಿ ‘ಅದು’. ಹಾಗೆ ಹೇಳುವವರ ಮನಸ್ಸಿನಲ್ಲಿ ಅಗೌರವದ ಸೋಂಕೂ ಇರುವುದಿಲ್ಲ. ಪಟ್ಟಿ (ನೋಟುಪುಸ್ತಕ) ತಿದ್ದಿದ ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಬಂದಳು’ ಎಂದು ಬರೆದು, ಬಂತು ಎನ್ನಲು ನಿನ್ನ ತಾಯಿಯೇನು ಕೊಟ್ಟಿಗೆಯ ದನವೇ ಎಂದು ತರಗತಿಯೆದುರು ಕೇಳಿದರು. ಇಡೀ ತರಗತಿ ನಕ್ಕಿತು. ಬರಹದ ರೂಪವನ್ನು ಕಲಿಸುವುದು ಅವರ ಕೆಲಸವಾಗಿತ್ತು, ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆ ದಿನ ನಾನು ಕಲಿತದ್ದು ವ್ಯಾಕರಣಕ್ಕಿಂತ ಬೇರೆಯಾದ ಒಂದು ಸಂಗತಿಯನ್ನು: ಮನೆಯಲ್ಲಿ ಆಡುವ ಮಾತು ಪಟ್ಟಿಯೊಳಗೆ ಬರಕೂಡದು, ಪಟ್ಟಿಯ ಮಾತೇ ಬೇರೆ, ಅದನ್ನು ಬೇರೆ ಎಲ್ಲಿಂದಲೋ ತರಬೇಕು.

ಹಾಗೆ ತರುವುದರಲ್ಲಿ ನಾನು ಬಹಳ ಬೇಗ ಪಳಗಿದೆ. ಪ್ರೌಢಶಾಲೆಗೆ ಬರುವ ಹೊತ್ತಿಗೆ ‘ಪ್ರಕೃತಿಮಾತೆಯ ಮಡಿಲು’, ‘ಹಚ್ಚಹಸಿರ ಸಿರಿ’, ‘ಅನ್ನದಾತನ ಬೆವರಹನಿ’ ಮುಂತಾದ ಪದಗುಚ್ಛಗಳು ನನ್ನ ಬಳಿ ರಾಶಿಯಾಗಿದ್ದವು. ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಬರುತ್ತಿತ್ತು. ಭಾಷಣಕ್ಕೆ ದೊಡ್ಡಪ್ಪ ಬರೆದುಕೊಡುತ್ತಿದ್ದರು, ನಾನು ಬಾಯಿಪಾಠ ಮಾಡಿ, ಯಾವ ಪದದ ಮೇಲೆ ಕೈ ಎತ್ತಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದನ್ನೂ ಅಭ್ಯಾಸ ಮಾಡಿ ಒಪ್ಪಿಸುತ್ತಿದ್ದೆ. ಪದವಿಪೂರ್ವ ತರಗತಿಯಲ್ಲಿ ಒಮ್ಮೆ ಚರ್ಚಾಸ್ಪರ್ಧೆಯಲ್ಲಿ ವಿಷಯದ ಪರವಾಗಿ ಮಾತನಾಡಿ ಪ್ರಥಮ ಸ್ಥಾನ ಪಡೆದೆ. ಅದೇ ವಾರ ಇನ್ನೊಂದು ಊರಿನಲ್ಲಿ ಅದೇ ವಿಷಯದ ವಿರೋಧವಾಗಿ ಮಾತನಾಡಿ ಅಲ್ಲಿಯೂ ಬಹುಮಾನ ಪಡೆದೆ. ಎರಡೂ ಕಡೆ ಚಪ್ಪಾಳೆ ಬಿದ್ದಿತ್ತು. ಆ ವಿಷಯದಲ್ಲಿ ನನ್ನ ನಿಲುವು ಯಾವುದೆಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಪದವಿಗೆ ಶಿರಸಿಯ ಕಾಲೇಜಿಗೆ ಸೇರಿದ ವರ್ಷ ನಮಗೆ ಕನ್ನಡ ಕಲಿಸಲು ಬಂದವರು ಬಯಲುಸೀಮೆಯವರು. ಜೋಳದ ಹೊಲಗಳ ನಡುವೆ ಬೆಳೆದ ಅವರಿಗೆ ಅಡಿಕೆ ತೋಟದ ಒಳಗಿನ ಸಂಗತಿಗಳು ಹೊಸವು. ಜೂನ್ ತಿಂಗಳ ಕೊನೆಯ ವಾರ ಅವರು ಕೊಟ್ಟ ಮೊದಲ ಅಭ್ಯಾಸ ಹೀಗಿತ್ತು: ನಿಮ್ಮ ಮನೆಯಲ್ಲಿ ನೀವು ಕೈಯಾರೆ ಮಾಡುವ ಒಂದು ಕೆಲಸವನ್ನು, ಅದನ್ನು ಕಂಡೇ ಇರದವನು ಓದಿಕೊಂಡು ಮಾಡಬಲ್ಲಂತೆ ಎರಡು ಪುಟಗಳಲ್ಲಿ ಬರೆಯಿರಿ. ಇಷ್ಟು ಸಣ್ಣ ಕೆಲಸವೇ ಎಂದು ನನಗೆ ಅನ್ನಿಸಿತು. ಆಗ ಊರಿನಲ್ಲೆಲ್ಲ ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲ. ಮಳೆ ಹಿಡಿಯುವ ಮುನ್ನ ಒಂದು ಸಲ, ಅದಾದ ನಲವತ್ತು ನಲವತ್ತೈದು ದಿನಕ್ಕೆ ಮಳೆ ಬಿಟ್ಟು ಹೊಳವಾದ ದಿನ ನೋಡಿ ಇನ್ನೊಂದು ಸಲ ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಮೈಲುತುತ್ತವೆಂಬ ತಾಮ್ರದ ನೀಲಿ ಉಪ್ಪು ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣ ಸಿಂಪಡಿಸದಿದ್ದರೆ ಎಳೆಯ ಕಾಯಿಗಳು ಕೊಳೆತು ಉದುರಿ ವರ್ಷದ ಬೆಳೆಯೇ ಮರದ ಬುಡಕ್ಕೆ ಬೀಳುತ್ತದೆ. ಏಳನೆಯ ತರಗತಿಯಿಂದ ನಾನು ಆ ಕೆಲಸಕ್ಕೆ ನೀರು ಹೊತ್ತವಳು. ಕೂತಲ್ಲಿಯೇ ಬರೆದು ಮುಗಿಸಿದೆ.

ಮೊದಲ ಪುಟವಿಡೀ ಮಲೆನಾಡಿನ ಮಳೆಯ ವರ್ಣನೆ ಮತ್ತು ರೈತನ ಬವಣೆ. ಎರಡನೆಯ ಪುಟದ ನಡುವೆ, ಮುಖ್ಯ ಸಂಗತಿ ಎಂದು ನಾನು ಭಾವಿಸಿದ ಕಡೆ, ಈ ವಾಕ್ಯ: ‘ಮೈಲುತುತ್ತ ಮತ್ತು ಸುಣ್ಣವನ್ನು ಸೂಕ್ತ ಪ್ರಮಾಣದಲ್ಲಿ ಬೆರೆಸಲಾಗುತ್ತದೆ ಹಾಗೂ ಅದನ್ನು ಮರಗಳಿಗೆ ಸಿಂಪಡಿಸಲಾಗುತ್ತದೆ.’ ಮೇಷ್ಟ್ರು ಪಟ್ಟಿಯಲ್ಲಿ ಏನನ್ನೂ ಗೀಚಲಿಲ್ಲ. ತರಗತಿ ಮುಗಿದ ಮೇಲೆ ನನ್ನನ್ನು ಕರೆದು, ನಿಜವಾಗಿ ತಿಳಿಯಬೇಕೆಂಬ ದನಿಯಲ್ಲಿ ಒಂದೊಂದಾಗಿ ಕೇಳಿದರು. ಯಾರು ಬೆರೆಸುತ್ತಾರೆ? ಸೂಕ್ತ ಎಂದರೆ ಎಷ್ಟು? ಮೈಲುತುತ್ತವನ್ನು ಸುಣ್ಣಕ್ಕೆ ಸುರಿಯುವುದೋ, ಸುಣ್ಣವನ್ನು ಮೈಲುತುತ್ತಕ್ಕೋ? ಹದವಾಗಿದೆಯೆಂದು ತಿಳಿಯುವುದು ಹೇಗೆ? ಮರಕ್ಕೆ ಸಿಂಪಡಿಸುವುದೆಂದರೆ ಬುಡಕ್ಕೋ, ಎಲೆಗೋ, ಕಾಯಿಗೋ? ಐದು ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಮಾತ್ರ ನನ್ನ ಬಳಿ ನಿಖರವಾದ ಉತ್ತರವಿತ್ತು. ಆರು ವರ್ಷ ನೀರು ಹೊತ್ತಿದ್ದೆ, ಡ್ರಮ್ಮಿನ ಪಕ್ಕದಲ್ಲಿಯೇ ನಿಂತಿದ್ದೆ, ಆದರೆ ಯಾವುದನ್ನು ಯಾವುದಕ್ಕೆ ಸುರಿಯುತ್ತಾರೆಂಬುದನ್ನು ನೋಡಿರಲಿಲ್ಲ. ಬರೆಯುವಾಗ ನೋಡಿರಲಿಲ್ಲವೆಂಬುದು ಕೂಡ ನನಗೆ ಗೊತ್ತಾಗಲಿಲ್ಲ, ಏಕೆಂದರೆ ‘ಬೆರೆಸಲಾಗುತ್ತದೆ’ ಎಂಬ ಪದ ಆ ತೂತನ್ನು ಮುಚ್ಚಿಬಿಟ್ಟಿತ್ತು. ಕರ್ತೃವಿಲ್ಲದ ಆ ಕ್ರಿಯಾಪದದ ಬೆನ್ನ ಹಿಂದೆ ನನ್ನ ಅಜ್ಞಾನ ಎಷ್ಟು ಸುಖವಾಗಿ ಅಡಗಿಕೊಂಡಿತ್ತೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆ ಭಾನುವಾರ ತೋಟದಲ್ಲಿ ಪಟ್ಟಿ ಹಿಡಿದು ಅಪ್ಪಯ್ಯನ ಪಕ್ಕ ನಿಂತೆ. ನೂರು ಲೀಟರ್ ಮದ್ದಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಐವತ್ತೈವತ್ತು ಲೀಟರ್ ನೀರಿಗೆ ಕರಗಿಸಿ ಸೋಸಿಕೊಂಡ. ಕಬ್ಬಿಣದ ಪಾತ್ರೆಯಾದರೆ ಮೈಲುತುತ್ತ ಅದನ್ನು ತಿನ್ನುತ್ತದೆ, ಮದ್ದೂ ಕೆಡುತ್ತದೆ. ಬಳಿಕ ಸುಣ್ಣದ ನೀರನ್ನು ಕೋಲಿನಿಂದ ತಿರುವುತ್ತಲೇ ಅದಕ್ಕೆ ಮೈಲುತುತ್ತದ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟ. ನೀಲಿ ಮತ್ತು ಬಿಳಿ ಸೇರಿ ತಿಳಿಯಾದ ಆಕಾಶದ ಬಣ್ಣ ಬಂತು. ಕೊನೆಗೆ ಮಸೆದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತಿ ಬೆಳಕಿಗೆ ಹಿಡಿದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಬೇಕು. ಹಾಗೆಯೇ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಕತ್ತಿ ಬೆಳ್ಳಗೇ ಇತ್ತು. ಇಂದು ಮಾಡಿದ ಮದ್ದನ್ನು ನಾಳೆಗೆ ಇಡಬಾರದೆಂದೂ ಹೇಳಿದ. ಇಷ್ಟೆಲ್ಲವನ್ನು ನನಗೆ ಹೇಳಿಕೊಡಲು ಅಪ್ಪಯ್ಯನಿಗೆ ಒಂದು ವಿಶೇಷಣವೂ ಬೇಕಾಗಲಿಲ್ಲ.

ಮದ್ದು ಹೊಡೆಯಲು ಬಂದ ಕೊನೆಗೌಡ, ಎಂದರೆ ಅಡಿಕೆ ಮರವೇರುವ ಕೆಲಸದವರು, ನಮ್ಮ ತೋಟಕ್ಕೆ ಇಪ್ಪತ್ತು ವರ್ಷಗಳಿಂದ ಬರುತ್ತಿರುವವರು. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರವೇರಿ, ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುವ ಅವರನ್ನು ನಾನು ಮೊದಲ ಬರಹದಲ್ಲಿ ‘ಪ್ರಾಣದ ಹಂಗು ತೊರೆದ ಶ್ರಮಜೀವಿ’ ಎಂದು ಬರೆದಿದ್ದೆ. ಅವರು ಇಳಿದು ಬಂದು ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಾಗ, ಮೇಲೆ ನೀವು ಮಾಡುವುದೇನು ಎಂದು ಕೇಳಿದೆ. ಕೊನೆಗೆ ಮದ್ದು ಹೊಡೆದರೆ ಆಗುವುದಿಲ್ಲ, ಕೊನೆಯನ್ನು ಮೀಯಿಸಬೇಕು ಎಂದರು. ಮಗುವನ್ನು ಮೀಯಿಸುವಾಗ ಕಂಕುಳು, ಕತ್ತಿನ ಮಡಿಕೆ ಬಿಡದೆ ನೀರು ಹಾಕುವಂತೆ, ಕಾಯಿಗಳ ಸಂದಿಗೆ, ತೊಟ್ಟಿನ ಬುಡಕ್ಕೆ, ಮರಕ್ಕೆ ಆತುಕೊಂಡ ಒಳಮೈಗೆ ಮದ್ದು ತಾಗಬೇಕು. ಹೊರಗಿನಿಂದ ನೋಡಿದರೆ ಚೆನ್ನಾಗಿ ನೆನೆದಂತೆ ಕಾಣುವ ಕೊನೆಯಲ್ಲಿಯೇ ಒಳಗಿನಿಂದ ಕೊಳೆ ಶುರುವಾಗುತ್ತದೆಯಂತೆ. ‘ಮೀಯಿಸು’ ಎಂಬ ಒಂದು ಪದದಲ್ಲಿ ಎಷ್ಟು ಸೂಚನೆಗಳು ಅಡಕವಾಗಿದ್ದವೆಂಬುದನ್ನು ಕಂಡು ನಾನು ಬೆರಗಾದೆ. ನನ್ನ ‘ಸಿಂಪಡಿಸಲಾಗುತ್ತದೆ’ಯನ್ನು ಓದಿ ಮದ್ದು ಹೊಡೆದವನ ತೋಟ ಖಂಡಿತ ಕೊಳೆಯುತ್ತಿತ್ತು.

ಆ ಎರಡು ಪುಟಗಳನ್ನು ನಾನು ಐದು ಸಲ ಬರೆದೆ. ಎರಡನೆಯ ಸಲ ಮಳೆಯ ವರ್ಣನೆ ಪೂರ್ತಿ ಹೋಯಿತು. ಅದನ್ನು ಹೊಡೆದುಹಾಕುವಾಗ ನೋವಾಯಿತೆಂದು ಒಪ್ಪಿಕೊಳ್ಳಬೇಕು, ಏಕೆಂದರೆ ನನಗೆ ಬಹುಮಾನ ತಂದುಕೊಟ್ಟಿದ್ದು ಅಂಥ ವಾಕ್ಯಗಳೇ. ಮೂರನೆಯ ಸಲ ಪ್ರತಿ ವಾಕ್ಯಕ್ಕೂ ಒಬ್ಬ ಮನುಷ್ಯನನ್ನು ಕೂರಿಸಿದೆ: ಅಪ್ಪಯ್ಯ ಕರಗಿಸುತ್ತಾನೆ, ನಾನು ನೀರು ತರುತ್ತೇನೆ, ಕೊನೆಗೌಡ ಮೀಯಿಸುತ್ತಾನೆ. ನಾಲ್ಕನೆಯದನ್ನು ಮುಂಡಗೋಡ ಕಡೆಯ ಸಹಪಾಠಿಯೊಬ್ಬಳಿಗೆ ಓದಲು ಕೊಟ್ಟೆ. ಅವರದು ಭತ್ತ, ಮೆಕ್ಕೆಜೋಳದ ನಾಡು, ಅಡಿಕೆಯ ಮದ್ದನ್ನು ಅವಳು ಕಂಡವಳಲ್ಲ. ಓದುತ್ತ ಓದುತ್ತ ಒಂದು ಕಡೆ ನಿಂತು, ಕತ್ತಿ ಕೆಂಪಾದರೆ ಏನು ಮಾಡಬೇಕೆಂದು ಬರೆದೇ ಇಲ್ಲವಲ್ಲ ಎಂದಳು. ನಿಜ, ಬರೆದಿರಲಿಲ್ಲ. ನನಗೆ ಗೊತ್ತಿದ್ದದ್ದರಿಂದ ಅದು ಪುಟದ ಮೇಲೂ ಇದೆಯೆಂದು ನನ್ನ ಕಣ್ಣು ಓದಿಕೊಳ್ಳುತ್ತಿತ್ತು. ಅಂದಿನಿಂದ ಇಂದಿನವರೆಗೆ, ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಅವರು ಎಲ್ಲಿ ನಿಲ್ಲುತ್ತಾರೆಂದು ನೋಡದೆ ಯಾವ ಬರಹವನ್ನೂ ನಾನು ಮುಗಿಯಿತೆಂದು ಭಾವಿಸಿಲ್ಲ. ನಿಂತ ಕಡೆ ಅವರು ಕೊಡುವ ಸಲಹೆಯನ್ನು ಎಲ್ಲ ಸಲವೂ ಒಪ್ಪುತ್ತೇನೆಂದಲ್ಲ, ಆದರೆ ಅವರು ನಿಂತರೆಂಬುದಂತೂ ಸುಳ್ಳಾಗಲಾರದು.

ಇದೇ ಕೆಲಸದ ನೆಪದಲ್ಲಿ ಗ್ರಂಥಾಲಯದಲ್ಲಿ ಓದಿದ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಬೋರ್ಡೋ ಎಂಬುದು ದ್ರಾಕ್ಷಿಗೆ ಹೆಸರಾದ ಫ್ರಾನ್ಸಿನ ಒಂದು ಊರು. ಅಲ್ಲಿನ ದ್ರಾಕ್ಷಿಯ ರೋಗಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಮದ್ದನ್ನು ನಮ್ಮ ಅಡಿಕೆಗೆ ತಂದವರಲ್ಲಿ ಪ್ರಮುಖರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರಲ್ಲಿ ಅವರು ಅಡಿಕೆಯ ಈ ರೋಗದ ಕುರಿತು ಇಂಗ್ಲಿಷಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗದ ಹೆಸರನ್ನು ‘ಕೊಳೆರೋಗ’ ಎಂದೇ ಇಟ್ಟುಕೊಂಡರು. ಆ ಪದ ಇಂದಿಗೂ ಸಸ್ಯರೋಗ ವಿಜ್ಞಾನದ ಇಂಗ್ಲಿಷಿನಲ್ಲಿ ಹಾಗೆಯೇ ಉಳಿದಿದೆ. ಪರದೇಶದ ವಿಜ್ಞಾನಿಯೊಬ್ಬರು ತೋಟದವರ ಪದವನ್ನು ಎತ್ತಿಕೊಂಡು ತಮ್ಮ ಭಾಷೆಯೊಳಗೆ ಇಟ್ಟುಕೊಂಡಿದ್ದರೆ, ಅದೇ ತೋಟದಲ್ಲಿ ಹುಟ್ಟಿದ ನಾನು ಆ ಪದಗಳನ್ನು ನನ್ನ ಪಟ್ಟಿಯಿಂದ ಹೊರಗಟ್ಟಿ, ಅವುಗಳ ಜಾಗದಲ್ಲಿ ‘ಮಾರಕ ವ್ಯಾಧಿ’ಯನ್ನು ಕೂರಿಸಿದ್ದೆ.

ಬರೆಯುವುದು ಹೀಗೆ ಒಂದು ದಾರಿಗೆ ಬಂದರೂ ಮಾತನಾಡುವುದು ಬಂದಿರಲಿಲ್ಲ. ಅದನ್ನು ಕಲಿಸಿದ್ದು ತಾಳಮದ್ದಲೆ. ಮಳೆಗಾಲದಲ್ಲಿ ಯಕ್ಷಗಾನದ ಬಯಲಾಟಗಳು ನಿಂತ ಮೇಲೆ ನಮ್ಮ ಕಡೆಯ ಮನೆಗಳ ಜಗುಲಿಯಲ್ಲಿ, ದೇವಸ್ಥಾನಗಳ ಚಂದ್ರಶಾಲೆಯಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಮದ್ದಲೆಯವರು ನುಡಿಸುತ್ತಾರೆ, ಪದ್ಯ ಮುಗಿದೊಡನೆ ಪಾತ್ರ ವಹಿಸಿದ ಅರ್ಥಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹಿಗ್ಗಿಸಿ ಹೇಳಬೇಕು. ಪದ್ಯ ಮಾತ್ರ ಬರಹದಲ್ಲಿರುತ್ತದೆ, ಮಾತು ಆ ಹೊತ್ತಿಗೆ ಹುಟ್ಟಬೇಕು. ಎದುರಿನ ಅರ್ಥಧಾರಿ ಏನು ಕೇಳುತ್ತಾನೆಂಬುದು ಯಾರಿಗೂ ಮೊದಲೇ ತಿಳಿದಿರುವುದಿಲ್ಲ.

ಪದವಿಯ ಎರಡನೆಯ ವರ್ಷದ ಶ್ರಾವಣದಲ್ಲಿ ಅಜ್ಜನ ಮನೆಯಲ್ಲಿ ಕೃಷ್ಣ ಸಂಧಾನಕ್ಕೆ ಹಸ್ತಿನಾವತಿಗೆ ಬರುವ ಕಥೆಯನ್ನು ಇಟ್ಟುಕೊಂಡಿದ್ದರು. ವಿದುರನ ಅರ್ಥ ಹೇಳಬೇಕಾದವರು ಹಳ್ಳ ದಾಟಲಾಗದೆ ಬರಲಿಲ್ಲ. ಭಾಷಣದಲ್ಲಿ ಬಹುಮಾನ ಪಡೆದವಳೆಂದು ನನ್ನನ್ನು ಕೂರಿಸಿದರು. ಸಂಜೆಯ ಎರಡು ತಾಸಿನಲ್ಲಿ ನಾನು ಭಕ್ತಿಯ ಮಹಿಮೆಯನ್ನು ಕುರಿತು ಒಂದು ಭಾಷಣವನ್ನೇ ಕಟ್ಟಿ ಬಾಯಿಪಾಠ ಮಾಡಿದೆ. ಪದ್ಯವಾಯಿತು, ನನ್ನ ಭಾಷಣವೂ ನಿರಾತಂಕವಾಗಿ ಸಾಗಿತು. ಮುಗಿದ ಮೇಲೆ ಕೃಷ್ಣನಾಗಿದ್ದ ಹಿರಿಯರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು: ವಿದುರಾ, ಅರಮನೆಯಲ್ಲಿ ನನಗಾಗಿ ಅಡುಗೆ ಸಿದ್ಧವಾಗಿದೆ. ಅದನ್ನು ಬಿಟ್ಟು ನಿನ್ನ ಬಾಗಿಲಿಗೆ ಬಂದೆ. ಏಕೆ ಬಂದೆಯೆಂದು ನೀನು ನನ್ನನ್ನು ಕೇಳಲೇ ಇಲ್ಲವಲ್ಲ, ಏಕೆ?

ನನ್ನ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಜಗುಲಿಯಲ್ಲಿ ಐವತ್ತು ಜನ. ಸೂರಿನಿಂದ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಭಾಗವತರು ಇನ್ನೇನು ಮುಂದಿನ ಪದ್ಯ ಎತ್ತಿಕೊಂಡು ನನ್ನನ್ನು ಪಾರುಮಾಡುತ್ತಾರೆಂದು ನೋಡಿದೆ, ಅವರು ಎತ್ತಿಕೊಳ್ಳಲಿಲ್ಲ. ಆಗ ಮೊದಲ ಬಾರಿಗೆ ನಾನು ಆ ಪ್ರಶ್ನೆಯನ್ನು ಕೇಳಿಸಿಕೊಂಡೆ ಎಂದು ಹೇಳಬೇಕು. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ ಆಯಿ ಏನು ಮಾಡುತ್ತದೆಂಬುದು ಕಣ್ಣಮುಂದೆ ಬಂತು. ಏಕೆ ಬಂದಿರಿ ಎಂದು ಅದು ಕೇಳುವುದಿಲ್ಲ, ಆಸರಿಗೆ (ಕುಡಿಯಲು) ಬೇಕಾ ಎನ್ನುತ್ತದೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು: ಕೇಳಿದರೆ ನೀನು ತಪ್ಪಿ ಬಂದೆನೆಂದು ಹಿಂದಿರುಗಿಬಿಟ್ಟೀಯೆಂದು ಹೆದರಿದೆ ಸ್ವಾಮಿ. ಕೃಷ್ಣನಾಗಿದ್ದವರ ಮುಖ ಅರಳಿತು. ಅವರು ನನ್ನ ಆ ಮಾತನ್ನು ಹಿಡಿದುಕೊಂಡು, ಹೆದರಿಕೆಯಿಂದ ಕರೆಯುವ ಮನೆ ಯಾವುದು, ಹೆದರಿಸಿ ಕರೆಯುವ ಮನೆ ಯಾವುದು ಎಂದು ಕೌರವನ ಅರಮನೆಯವರೆಗೆ ಅದನ್ನು ಒಯ್ದರು. ನನ್ನ ಹತ್ತು ನಿಮಿಷದ ಭಾಷಣದಲ್ಲಿ ಅವರಿಗೆ ಹಿಡಿದುಕೊಳ್ಳಲು ಒಂದು ಕೊಂಬೆಯೂ ಸಿಕ್ಕಿರಲಿಲ್ಲ. ಎದುರಿನವರಿಗೆ ಮುಂದುವರಿಯಲು ಏನನ್ನಾದರೂ ಕೊಡುವುದೇ ಅರ್ಥಗಾರಿಕೆಯ ಬಹುಪಾಲು ಎಂದು ಅವರು ಆಮೇಲೆ ಊಟದ ಹೊತ್ತಿನಲ್ಲಿ ನನಗೆ ಹೇಳಿದರು. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತಿದ್ದು ಎದುರಿನವರ ಬಾಯಿ ಮುಚ್ಚಿಸುವುದನ್ನು. ಆ ವರ್ಷದಿಂದ ಸ್ಪರ್ಧೆಗಳಿಗೆ ಹೋಗುವುದನ್ನು ಬಿಟ್ಟೆ, ತಾಳಮದ್ದಲೆಗೆ ಕರೆದಲ್ಲೆಲ್ಲ ಹೋದೆ.

ಸ್ನಾತಕೋತ್ತರ ಓದಿಗೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಬಂದಾಗ ಭಾಷೆಯ ಇನ್ನೊಂದು ನಂಟು ಸಿಕ್ಕಿತು. ನನ್ನ ಕೋಣೆಯ ಗೆಳತಿ ಕಾಳಿ ನದಿಯ ಆಚೆಯ ಮಾಜಾಳಿ ಕಡೆಯವಳು, ಮನೆಮಾತು ಕೊಂಕಣಿ. ಒಂದು ರಾತ್ರಿ ನಾನು ಐದನೆಯ ತರಗತಿಯ ‘ಬಂತು’ವಿನ ಕಥೆ ಹೇಳಿದೆ. ಅವಳು ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ, ನಮ್ಮಲ್ಲಿಯೂ ಹುಡುಗಿ ಬಂದರೆ ‘ತೆಂ ಆಯ್ಲೆಂ’ ಎನ್ನುತ್ತೇವೆ, ಅದೂ ‘ಅದು ಬಂತು’ ಎಂದೇ ಅರ್ಥ, ನಾನೂ ಕನ್ನಡ ಶಾಲೆಯಲ್ಲಿ ಹಾಗೆಯೇ ಬರೆದು ಬೈಸಿಕೊಂಡಿದ್ದೆ ಎಂದಳು. ಘಟ್ಟದ ಮೇಲೊಂದು, ಕಡಲ ದಂಡೆಯಲ್ಲೊಂದು ಶಾಲೆಯಲ್ಲಿ ಇಬ್ಬರು ಮಕ್ಕಳು ಒಂದೇ ಪದಕ್ಕೆ ತಲೆತಗ್ಗಿಸಿ ನಿಂತಿದ್ದೆವು. ಆ ರಾತ್ರಿಯಿಂದ ನಾವಿಬ್ಬರೂ ಒಬ್ಬರ ಬರಹವನ್ನು ಇನ್ನೊಬ್ಬರು ಓದುವ ಕರಾರು ಮಾಡಿಕೊಂಡೆವು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಅಲ್ಲಿಂದ ಗಂಗಾವಳಿ ನದಿಯೊಳಕ್ಕೆ ಬಿತ್ತು. ಹೆದ್ದಾರಿ ಪಕ್ಕದ ಚಹಾ ಅಂಗಡಿ, ಅಲ್ಲಿದ್ದವರು, ನಿಂತಿದ್ದ ವಾಹನಗಳು ಹೋದವು. ನಾನು ಊರಿಗೆ ಹೋಗುವ ದಾರಿಯೇ ಅದು. ಪ್ರತಿ ತಿಂಗಳೂ ಆ ಗುಡ್ಡದ ಬುಡದಲ್ಲಿ ನನ್ನ ಬಸ್ಸು ಸಾಗುತ್ತಿತ್ತು. ಅಂದು ರಾತ್ರಿಯೇ ವಿಭಾಗದ ಭಿತ್ತಿಪತ್ರಿಕೆಗೆ ಮೂರು ಪುಟ ಬರೆದೆ. ಬರೆಯುತ್ತ ಅತ್ತಿದ್ದೆ, ಆದ್ದರಿಂದ ಅದು ಸತ್ಯವಾದ ಬರಹವೆಂದು ನಂಬಿದ್ದೆ. ಗೆಳತಿ ಓದಿ, ಇದರಲ್ಲಿ ಗುಡ್ಡ ಎರಡು ಸಾಲು, ನೀನು ಎರಡೂವರೆ ಪುಟ ಎಂದಳು. ಮತ್ತೆ ಓದಿ ನೋಡಿದೆ. ‘ಮುನಿದ ಪ್ರಕೃತಿ’, ‘ಮೃತ್ಯುವಿನ ತಾಂಡವ’ ಎಲ್ಲವೂ ಸದ್ದಿಲ್ಲದೆ ಹಿಂದಿರುಗಿ ಬಂದು ಕೂತಿದ್ದವು. ಮುನಿದ ಪ್ರಕೃತಿ ಎಂಬುದು ಕೂಡ ‘ಬೆರೆಸಲಾಗುತ್ತದೆ’ಯ ಜಾತಿಯ ಮಾತೇ: ಗುಡ್ಡವನ್ನು ಯಾರು, ಯಾವಾಗ, ಎಷ್ಟು ಕಡಿದಾಗಿ ಕತ್ತರಿಸಿದರೆಂಬ ಪ್ರಶ್ನೆ ಅದರೊಳಗೆ ಹೂತುಹೋಗುತ್ತದೆ. ಆ ಬರಹವನ್ನು ನಾನು ಹಾಕಲಿಲ್ಲ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು 1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದು ಉಳಿದ ತರುಣ ರವೀಂದ್ರರು ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಸಾಗಿ, ಹಿಂದಿರುಗುವಾಗ ಮರಳಿನ ಮೇಲೆ ನಡೆದು ಬಂದು, ಅದೇ ರಾತ್ರಿ ಒಂದು ಪದ್ಯ ಬರೆದರು. ಆ ರಾತ್ರಿಯ ನೆನಪಿಲ್ಲದ ಓದುಗನಿಗೆ ಅದು ಮುಟ್ಟೀತೇ ಎಂಬ ಅನುಮಾನದಿಂದ ಅದನ್ನು ತಮ್ಮ ಸಂಗ್ರಹದಿಂದ ಕೈಬಿಟ್ಟುದಾಗಿಯೂ, ಭಾವ ತುಂಬಿ ಉಕ್ಕುತ್ತಿರುವ ಹೊತ್ತು ಬರೆಯಲು ತಕ್ಕ ಹೊತ್ತಲ್ಲವೆಂಬುದಾಗಿಯೂ ಅವರು ಮುಂದೆ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಓದಿದ ದಿನ ಸಂಜೆ ನಾನು ಕೋಡಿಬಾಗದ ಕಡೆ ನಡೆದುಕೊಂಡು ಹೋದೆ. ಅಷ್ಟು ದೊಡ್ಡವರಿಗೂ ಇದೇ ಊರಿನಲ್ಲಿ ಅದೇ ಆಗಿತ್ತೆಂಬುದು ನನಗೆ ಧೈರ್ಯ ಕೊಟ್ಟಿತು.

ಶಿರೂರಿನ ಮೂರು ವಾರಗಳ ಬಳಿಕ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಅದರ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಬೆಳಿಗ್ಗೆ ಗೆಳತಿಯೊಂದಿಗೆ ದಡಕ್ಕೆ ಹೋದೆ. ಈ ಸಲ ಏನನ್ನೂ ಬರೆಯದೆ ಮೊದಲು ಕೇಳಿದೆ. ದಿನವೂ ಆಚೆಯಿಂದ ಮೀನು ತರುವ ಹೆಂಗಸರು ಕೊಂಕಣಿಯಲ್ಲಿ ಹೇಳಿದರು, ಗೆಳತಿ ಕನ್ನಡಕ್ಕೆ ತಂದಳು. ನಾನು ಬರೆದುಕೊಂಡದ್ದನ್ನು ಅವಳು ಮತ್ತೆ ಕೊಂಕಣಿಯಲ್ಲಿ ಅವರಿಗೇ ಓದಿ ಹೇಳಿ, ಸರಿಯೇ ಎಂದು ವಿಚಾರಿಸಿದಳು. ಎರಡು ಕಡೆ ಅವರು ತಿದ್ದಿದರು. ಒಂದೂವರೆ ಪುಟದ ಆ ಬರಹವನ್ನು ಎರಡು ವಾರ ಬಿಟ್ಟು ಭಿತ್ತಿಪತ್ರಿಕೆಗೆ ಹಾಕಿದೆ. ಅದರಲ್ಲಿ ನಾನು ಒಂದೇ ಕಡೆ, ‘ನಾವು ಕೇಳಿದೆವು’ ಎಂಬಲ್ಲಿ ಇದ್ದೇನೆ.

ಕಳೆದ ಬೇಸಿಗೆಯಲ್ಲಿ ಊರಿನವರು ಕಾಲುಸಂಕಕ್ಕೆ, ಎಂದರೆ ನಡೆದು ದಾಟುವ ಕಿರುಸೇತುವೆಗೆ, ಅರ್ಜಿ ಬರೆಯಲು ನನ್ನನ್ನು ಕೇಳಿದರು. ನಮ್ಮೂರಿನ ಹಳ್ಳಕ್ಕೆ ಪ್ರತಿ ಮಳೆಗಾಲಕ್ಕೂ ಅಡಿಕೆ ಮರದ ದಬ್ಬೆಗಳನ್ನು ಬಳ್ಳಿಯಿಂದ ಬಿಗಿದು ಸಂಕ ಹಾಕುತ್ತಾರೆ. ಉತ್ತರ ಕನ್ನಡದ ಘಟ್ಟದ ಹಳ್ಳಿಗಳಲ್ಲಿ ಇದು ಹೊಸ ಮಾತಲ್ಲ. ಅಜ್ಜ ಹಿಂದೆ ಬರೆದಿದ್ದ ಅರ್ಜಿಗಳ ನಕಲು ಕಪಾಟಿನಲ್ಲಿದ್ದವು. ಎಲ್ಲದರಲ್ಲಿಯೂ ‘ಸಾರ್ವಜನಿಕರಿಗೆ ತೀವ್ರ ಅನನುಕೂಲ ಉಂಟಾಗುತ್ತಿದ್ದು ತಾವು ದಯಮಾಡಿ ಗಮನ ಹರಿಸಬೇಕಾಗಿ’ ಎಂದಿತ್ತು. ನಾನು ಟೇಪು ತೆಗೆದುಕೊಂಡು ಹೋಗಿ ಹಳ್ಳದ ಅಗಲ ಅಳೆದೆ, ಹನ್ನೊಂದು ಮೀಟರ್ ಇತ್ತು. ಆಚೆ ದಡದಲ್ಲಿ ಒಂಬತ್ತು ಮನೆ, ಶಾಲೆಗೆ ಹೋಗುವ ಏಳು ಮಕ್ಕಳು. ಹಿಂದಿನ ಮಳೆಗಾಲದಲ್ಲಿ ಹಳ್ಳದ ಕಾರಣದಿಂದ ಎಷ್ಟು ದಿನ ಶಾಲೆ ತಪ್ಪಿತೆಂದು ಪ್ರತಿ ಮನೆಯಲ್ಲಿಯೂ ಕೇಳಿದೆ. ತಾಯಂದಿರು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಅದನ್ನೂ ಗುರುತು ಮಾಡಿಟ್ಟಿದ್ದರು. ನನಗಿಂತ ಮೊದಲೇ ಅವರು ದಾಖಲೆ ಬರೆದಿದ್ದರು, ನಾನು ಅದನ್ನು ಒಟ್ಟುಗೂಡಿಸಿದೆನಷ್ಟೆ. ಅಳತೆ, ಮನೆ, ಮಕ್ಕಳು, ತಪ್ಪಿದ ದಿನಗಳು, ಸಂಕದಿಂದ ಜಾರಿ ಬಿದ್ದವರು ಯಾರು, ಯಾವ ತಿಂಗಳು ಎಂಬುದೆಲ್ಲ ಒಂದು ಪುಟದಲ್ಲಿ ಹಿಡಿಯಿತು. ‘ಅನನುಕೂಲ’ ಎಂಬ ಪದ ಎಲ್ಲಿಯೂ ಬೇಕಾಗಲಿಲ್ಲ.

ಕೊಡುವ ಮುನ್ನ ಆ ಪುಟವನ್ನು ಅಜ್ಜಿಗೆ ಓದಿ ಹೇಳಿದೆ. ಮದುವೆಯಾಗಿ ಬಂದ ವರ್ಷದಿಂದ ಅದೇ ಹಳ್ಳವನ್ನು ದಾಟಿದ ಜೀವ ಅದು. ಅಡಿಕೆ ಸುಲಿಯುತ್ತಿದ್ದ ಕೈ ನಿಲ್ಲಿಸದೆ ಕೇಳುತ್ತಿತ್ತು. ‘ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಮಕ್ಕಳು ದಾಟಲಾರರು’ ಎಂಬ ವಾಕ್ಯಕ್ಕೆ ಬಂದಾಗ ಕೈ ನಿಂತಿತು. ತುಂಬುವುದು ಬೇರೆ, ಬರುವುದು ಬೇರೆ ಎಂದಿತು. ತುಂಬಿದ ಹಳ್ಳ ಬೆಳಗ್ಗೆಯೇ ಕಣ್ಣಿಗೆ ಕಾಣುತ್ತದೆ, ಆ ದಿನ ಮಕ್ಕಳನ್ನು ಕಳಿಸದೆ ಇದ್ದರಾಯಿತು. ಮಕ್ಕಳು ಬೆಳಗ್ಗೆ ಒಣಗಾಲಿನಲ್ಲಿ ದಾಟಿ ಹೋಗಿರುತ್ತವೆ, ಮೇಲೆ ಬೆಟ್ಟದಲ್ಲಿ ಮಳೆ ಹೊಯ್ದು, ಇಲ್ಲಿ ಬಿಸಿಲಿರುವಾಗಲೇ ಸಂಜೆ ಹೊತ್ತಿಗೆ ಹಳ್ಳ ಬರುತ್ತದೆ. ಆಗ ಅವು ಆಚೆ, ನಾವು ಈಚೆ. ಅದನ್ನು ಬರೆದಿದ್ದೀಯಾ ಎಂದು ಕೇಳಿತು.

ಬರೆದಿರಲಿಲ್ಲ. ಆ ವಾಕ್ಯವನ್ನು ಹೊಡೆದುಹಾಕಿ, ಅಜ್ಜಿ ಹೇಳಿದ್ದನ್ನು ಅದು ಹೇಳಿದ ಕ್ರಮದಲ್ಲಿಯೇ ಮೂರು ವಾಕ್ಯಗಳಾಗಿ ಬರೆದು ಮತ್ತೆ ಓದಿ ಹೇಳಿದೆ. ಅಜ್ಜಿ ಕೊನೆಯವರೆಗೆ ಕೇಳಿ, ಅಡ್ಡಿಲ್ಲೆ ಎಂದು, ಮೆಟ್ಟುಗತ್ತಿಯ ಕಡೆಗೆ ತಿರುಗಿತು.